ಎಲ್ಲ ಬಾತುಗಳೂ ಓಲಾಡುವುದಿಲ್ಲ

ಆತ್ಮೀಯರೇ,

ಕಾರಟಗಿಯಿಂದ ನೀವು ಕಳಿಸಿದ ಬಾತುಗಳ ಕುರಿತ ಪ್ರಬಂಧವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪತ್ರಿಕೆಯಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸು ಒಪ್ಪುತ್ತಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

ಭತ್ತದ ಕೊಯ್ಲಾದ ಮೇಲೆ ಕೂಳೆ ಗದ್ದೆಗೆ ಇಳಿಯುವ ಬಾತಿನ ಹಿಂಡು, ರೈತರ ಕ್ಯಾಂಪಿನಲ್ಲಿರುವ ನಿಮ್ಮ ದೊಡ್ಡಪ್ಪ ಹೊಂಡದ ದಂಡೆಯಲ್ಲಿ ಸಾಕಿರುವ ನಾಲ್ಕು ಬಗೆಯ ಬಾತುಗಳು: ಎರಡೂ ನಿಮ್ಮ ಕಣ್ಣೆದುರೇ ಇವೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರು ಬರೆಯದಿದ್ದರೆ ಇದನ್ನು ಇನ್ನಾರು ಬರೆಯಬೇಕು? ಆದರೆ ಒಂಬತ್ತು ಪುಟಗಳಲ್ಲಿ ‘ಓಲಾಡುತ್ತ ನಡೆದವು’ ಎಂಬ ಮಾತು ಹನ್ನೊಂದು ಸಲ ಬಂದಿದೆ. ಹಿಂಡಿನ ಬಾತೂ ಓಲಾಡುತ್ತದೆ, ಪೆಕಿನ್ ಎಂಬ ಬಿಳಿ ತಳಿಯೂ ಓಲಾಡುತ್ತದೆ, ರನ್ನರ್ ಎಂಬ ತಳಿ ಕೂಡ ಓಲಾಡುತ್ತದೆ. ರನ್ನರ್ ಓಲಾಡುವುದಿಲ್ಲ. ಅದಕ್ಕೆ ಆ ಹೆಸರು ಬಂದದ್ದೇ ಅದು ಓಡುವುದರಿಂದ.

ನಿಮ್ಮ ದೊಡ್ಡಪ್ಪನ ಹೊಂಡಕ್ಕೆ ಮತ್ತೊಮ್ಮೆ ಹೋಗಿ. ಬಣ್ಣವನ್ನು ಮರೆತು ಬೆನ್ನಿನ ಗೆರೆಯನ್ನು ಮಾತ್ರ ನೋಡಿ. ರನ್ನರ್ ಕತ್ತು ಉದ್ದವಿರುವ ಸೀಸೆಯನ್ನು ನಿಲ್ಲಿಸಿದಂತೆ ಇರುತ್ತದೆ. ನಿರಾತಂಕವಾಗಿ ನಡೆಯುವಾಗಲೂ ಅದರ ಮೈ ನೆಲಕ್ಕೆ 60ರಿಂದ 70 ಡಿಗ್ರಿಯಷ್ಟು ಎತ್ತಿರುತ್ತದೆ, ಬೆದರಿದರೆ ಬಹುತೇಕ ನೆಟ್ಟಗಾಗುತ್ತದೆ. ಪೆಕಿನ್ ಸುಮಾರು 40 ಡಿಗ್ರಿಯಲ್ಲಿ ಎದೆ ಎತ್ತಿಕೊಂಡಿರುತ್ತದೆ. ಇಂಗ್ಲೆಂಡಿನ ಐಲ್ಸ್‌ಬರಿ ತಳಿಯ ಬೆನ್ನು ನೆಲಕ್ಕೆ ಸಮಾನಾಂತರ. ಅದರ ಎದೆಯ ಕೆಳಭಾಗ ದೋಣಿಯ ಅಡಿಯಂತೆ ಜೋತು ನೆಲವನ್ನು ಮುಟ್ಟುವಷ್ಟು ಕೆಳಗಿರುತ್ತದೆ. ಅದು ನಿಮ್ಮ ಹೊಂಡದಲ್ಲಿಲ್ಲ, ಬರೆಯಬೇಕಾಗಿಯೂ ಇಲ್ಲ. ಬಾತಿನ ಮೈ ಎಷ್ಟು ವಿಧದಲ್ಲಿ ನಿಲ್ಲಬಲ್ಲದು ಎಂಬುದು ನಿಮಗೆ ತಿಳಿದಿರಲಿ ಎಂದು ಹೇಳಿದೆ.

ಓಲಾಟಕ್ಕೂ ಕಾರಣವಿದೆ. ಅಗಲವಾದ ಮೈಯ ಕೆಳಗೆ ಗಿಡ್ಡ ಕಾಲುಗಳು ದೂರದೂರವಿರುತ್ತವೆ. ಒಂದು ಕಾಲು ಎತ್ತಿದರೆ ಇಡೀ ಭಾರವನ್ನು ಇನ್ನೊಂದು ಪಾದದ ಮೇಲೆ ತಂದುಕೊಳ್ಳಬೇಕು. ಆಗ ಮೈ ಪಕ್ಕಕ್ಕೆ ವಾಲುತ್ತದೆ. ಎದೆ ತುಂಬಿದ ಪೆಕಿನ್‌ನಲ್ಲಿ ಇದು ಹೆಚ್ಚು. ಮೈ ಕಿರಿದಾಗಿ ಕಾಲು ಹಿಂದಕ್ಕಿರುವ ರನ್ನರ್‌ನಲ್ಲಿ ಕಡಿಮೆ. ಕಾಲು ಹಿಂದಿರುವುದರಿಂದಲೇ ಭಾರವನ್ನು ಪಾದದ ನೇರಕ್ಕೆ ತರಲು ಅದು ಮೈಯನ್ನು ಎತ್ತಿ ಹಿಡಿಯಬೇಕು. ಇನ್ನೊಂದು ವಿಷಯ. ‘ಮೊಣಕಾಲು ಹಿಂದಕ್ಕೆ ಮಡಚಿತು’ ಎಂದು ಬರೆದಿದ್ದೀರಿ. ನೀವು ಕಂಡದ್ದು ಹಿಮ್ಮಡಿಯ ಕೀಲು. ಮೊಣಕಾಲು ಮೇಲೆ ಗರಿಗಳೊಳಗೆ ಅಡಗಿರುತ್ತದೆ.

ಕಾಕಿ ಕ್ಯಾಂಪ್‌ಬೆಲ್ ತಳಿಯ ಬಗ್ಗೆ ವರ್ಷಕ್ಕೆ ಸುಮಾರು 300 ಮೊಟ್ಟೆ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಕ್ಯಾಂಪ್‌ಬೆಲ್ ಎಂಬ ಗೃಹಿಣಿ 19ನೇ ಶತಮಾನದ ಕೊನೆಯಲ್ಲಿ ರನ್ನರ್‌ಗೆ ಭಾರಿ ಮೈಯ ರೂಆನ್ ತಳಿಯನ್ನು ಕೂಡಿಸಿ, ಕಾಡುಬಾತಿನ ರಕ್ತವನ್ನೂ ಸೇರಿಸಿ ಬೆಳೆಸಿದ ತಳಿ ಅದು. ಅದರ ನಿಲುವನ್ನು ನೋಡಿದರೆ ಈ ಕಥೆ ಕಾಣುತ್ತದೆ: ಪೂರ್ತಿ ನೆಟ್ಟಗಿಲ್ಲ, ಪೂರ್ತಿ ಅಡ್ಡವೂ ಇಲ್ಲ, ಅಜ್ಜಿಯ ಕತ್ತು ಮೊಮ್ಮಗಳಿಗೆ ಬಂದಂತೆ. ಇಂಥ ಒಂದು ವಾಕ್ಯ ನಿಮ್ಮಿಂದ ಬರಬೇಕಿತ್ತು. ಇಂಡಿಯನ್ ರನ್ನರ್ ಹೆಸರಿನಲ್ಲಿ ಇಂಡಿಯಾ ಇದೆಯೆಂದು ಅದನ್ನು ನಮ್ಮ ದೇಶದ ತಳಿ ಎಂದಿದ್ದೀರಿ. ಅದರ ಮೂಲ ಜಾವಾ, ಲೊಂಬೊಕ್, ಬಾಲಿ ದ್ವೀಪಗಳು. ತಿದ್ದಿ.

ಈಗ ನಿಮ್ಮ ಐದನೆಯ ಪುಟ. ‘ಕೆಂಪು ಮುಖದ ಬಾತು ಹುಲ್ಲಿನ ಬಣವೆಯ ಮೇಲೆ ಕೂತಿತ್ತು’ ಎಂದಿದ್ದೀರಿ. ಓದಿ ಎದ್ದು ಕೂತೆ. ಮುಂದಿನ ವಾಕ್ಯದಲ್ಲಿ ಅದು ‘ಹಂಸಗಮನದಿಂದ ಸಾಗಿ ಕ್ವಾಕ್ ಎಂದಿತು’! ಅದು ಮಸ್ಕೊವಿ. ಉಳಿದ ಸಾಕುಬಾತುಗಳೆಲ್ಲ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ಇದೊಂದೇ ಬೇರೆ ಕುಲದ್ದು, ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಅದರ ಕಾಡು ಸಂಬಂಧಿಗಳು ರಾತ್ರಿ ಮರದ ಮೇಲೆ ತಂಗುತ್ತವೆ. ಕಾಲಿನಲ್ಲಿ ಚೂಪಾದ ಉಗುರುಗಳಿವೆ, ಆದ್ದರಿಂದಲೇ ಬಣವೆಯ ಮೇಲೆ ಏರಿ ಕೂರುತ್ತದೆ. ಅದು ಕ್ವಾಕ್ ಎನ್ನುವುದಿಲ್ಲ, ಗಂಡು ಬುಸುಗುಟ್ಟುತ್ತದೆ. ಮೈಯನ್ನು ನೆಲಕ್ಕೆ ಅಡ್ಡವಾಗಿಟ್ಟು, ತಲೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ, ಬಾಲ ಅಲ್ಲಾಡಿಸುತ್ತ ಭಾರವಾಗಿ ನಡೆಯುತ್ತದೆ. ಹಂಸಗಮನ ಎಂಬುದು ಕಾವ್ಯದಿಂದ ಎರವಲು ತಂದ ಪದ. ನಮ್ಮ ಕವಿಗಳು ಹಂಸದ ನಡಿಗೆಯನ್ನು ಹಾಡಿದರು, ಬಾತಿನದನ್ನು ನಮಗೆ ಬಿಟ್ಟರು. ಬಿಟ್ಟದ್ದನ್ನು ನೀವು ಎತ್ತಿಕೊಳ್ಳಬೇಕು. ನಡಿಗೆಗೆ ಕನ್ನಡದಲ್ಲಿ ಪದಗಳಿಗೆ ಬರವೇ? ವಾಲುವುದು, ತೊನೆಯುವುದು, ಕುಕ್ಕುತ್ತ ನಡೆಯುವುದು, ಪುಟಪುಟನೆ ಓಡುವುದು, ಹೆಜ್ಜೆ ತೂಗಿ ಇಡುವುದು. ಒಂದೊಂದೂ ಒಂದೊಂದು ಮೈಗೆ ಸೇರಿದ್ದು.

ಮೊದಲ ಎರಡು ಪುಟಗಳ ಮಾಹಿತಿಯನ್ನು ತೆಗೆದುಹಾಕಿ. ಅದನ್ನು ಬೇರೆಲ್ಲಿಂದಲೋ ಎತ್ತಿದ್ದು ಗೊತ್ತಾಗುತ್ತದೆ. ಕೊನೆಯ ಪುಟದ ರೈತರ ಗೋಳಿನ ಭಾಷಣವೂ ಬೇಡ. ಡಾರ್ವಿನ್ 1859ರಲ್ಲಿ ಹೇಳಿದ ಒಂದು ಸಂಗತಿ ಮಾತ್ರ ಇರಲಿ: ಇಡೀ ಅಸ್ಥಿಪಂಜರದ ತೂಕಕ್ಕೆ ಹೋಲಿಸಿದರೆ ಸಾಕುಬಾತಿನ ರೆಕ್ಕೆಯ ಮೂಳೆಗಳು ಕಾಡುಬಾತಿನದಕ್ಕಿಂತ ಹಗುರ, ಕಾಲಿನ ಮೂಳೆಗಳು ಭಾರ. ಹಾರುವುದು ಕಡಿಮೆಯಾಗಿ ನಡೆಯುವುದು ಹೆಚ್ಚಿದ್ದರ ಫಲ ಎಂದು ಅವನು ಭಾವಿಸಿದ್ದ. ಅದನ್ನು ಹಿಂಡು ಗದ್ದೆಯಿಂದ ಗದ್ದೆಗೆ ನಡೆಯುವ ಭಾಗದ ಪಕ್ಕದಲ್ಲಿ ಇಟ್ಟು ನೋಡಿ.

ಒಂದು ಸಾಲಿನಿಂದಾಗಿ ಈ ಪ್ರಬಂಧವನ್ನು ತಿರಸ್ಕರಿಸಲು ಕೈ ಬರಲಿಲ್ಲ. ‘ಬದು ಬಂದಾಗ ಮೊದಲ ಬಾತು ನಿಂತಿತು, ಅದರ ಹಿಂದೆ ಇಡೀ ಗದ್ದೆಯೇ ನಿಂತಿತು.’ ಇದು ನೀವು ನೋಡಿದ್ದು, ನೀವೇ ಬರೆದದ್ದು. ಇದಕ್ಕೆ ನನ್ನ ಪ್ರಶ್ನೆಗಳಿವೆ. ಬದುವನ್ನು ಯಾವುದು ಹೇಗೆ ದಾಟಿತು? ಎದೆಯನ್ನು ಬದುವಿಗೆ ಆನಿಸಿ ಏರಿದ್ದು ಯಾವುದು, ಕಾಲೆತ್ತಿ ಇಟ್ಟದ್ದು ಯಾವುದು, ರೆಕ್ಕೆ ಬಡಿದದ್ದು ಯಾವುದು? ಎರೆಮಣ್ಣಿನ ಕೆಸರಿನಲ್ಲಿ ಜಾಲಪಾದ ಎಷ್ಟು ಆಳಕ್ಕೆ ಇಳಿಯಿತು, ಎತ್ತುವಾಗ ಸದ್ದು ಬಂತೇ? ಮೇಯಿಸುವ ಹುಡುಗ ಕೋಲನ್ನು ಯಾವ ಕಡೆಗೆ ಚಾಚಿದ?

ಎರಡನೆಯ ಬೆಳೆ ಕೊಯ್ಲಾದ ಮೇಲೆ ಹಿಂಡು ಮತ್ತೆ ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ ಬದುವಿನ ಮೇಲೆ ಕುಳಿತುಕೊಳ್ಳಿ. ಮೊಬೈಲಿನಲ್ಲಿ ಚಿತ್ರ ತೆಗೆಯುವ ಮೊದಲು ಒಂದು ಗಂಟೆ ಸುಮ್ಮನೆ ನೋಡಿ. ಐದು ಪುಟ ಸಾಕು. ನಾನು ಅಂಚಿನಲ್ಲಿ ಗುರುತು ಹಾಕಿದ ಪ್ರತಿಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಬದುವಿನ ಆ ಸಾಲಿನ ಪಕ್ಕದಲ್ಲಿ ಮಾತ್ರ ಏನನ್ನೂ ಬರೆದಿಲ್ಲ.

ವಿಶ್ವಾಸದಿಂದ,
ಸಂಪಾದಕ