‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’: ಒಬ್ಬರಿಗೆ ಮಹಾಕಾವ್ಯ, ಇನ್ನೊಬ್ಬರಿಗೆ ನಾಲ್ಕು ಗಂಟೆಯ ಶಿಕ್ಷೆ. ಯಾಕೆ ಹೀಗೆ?

ನಿಮ್ಮ ಪ್ರಶ್ನೆ ಇಷ್ಟು: ಸರ್ಜಿಯೊ ಲಿಯೋನೆಯ 1984ರ ಈ ಗ್ಯಾಂಗ್‌ಸ್ಟರ್ ಚಿತ್ರವನ್ನು ಕೆಲವರು ತಲೆ ಮೇಲೆ ಹೊತ್ತು ಮೆರೆಸುತ್ತಾರೆ, ಕೆಲವರು ಅರ್ಧಕ್ಕೇ ಬಿಟ್ಟೆ ಅನ್ನುತ್ತಾರೆ. ಯಾರ ಮಾತು ನಂಬಬೇಕು, ನೋಡುವುದಾದರೆ ಯಾವುದನ್ನು, ಹೇಗೆ ನೋಡಬೇಕು?

ಯಾರ ಮಾತನ್ನಾದರೂ ನಂಬುವ ಮೊದಲು ಅವರನ್ನು ಒಂದು ವಿಷಯ ಕೇಳಿ: ನೀವು ನೋಡಿದ್ದು ಎಷ್ಟು ನಿಮಿಷದ್ದು? ಈ ಚಿತ್ರದ ಬಗೆಗಿನ ಅರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ. ಒಂದೇ ಹೆಸರಿನಲ್ಲಿ ಮುಖ್ಯವಾಗಿ ಮೂರು ಆವೃತ್ತಿಗಳು ಓಡಾಡುತ್ತಿವೆ: 139 ನಿಮಿಷ, 229 ನಿಮಿಷ, 251 ನಿಮಿಷ.

ಚಿತ್ರೀಕರಣ ಮುಗಿದಾಗ ಲಿಯೋನೆಯ ಕೈಯಲ್ಲಿ ಸುಮಾರು ಹತ್ತು ಗಂಟೆಯಷ್ಟು ದೃಶ್ಯಗಳಿದ್ದವು. ಸಂಕಲನಕಾರ ನಿನೊ ಬರಾಲಿ ಜೊತೆ ಕೂತು ಅದನ್ನು ಆರು ಗಂಟೆಯ ಹತ್ತಿರಕ್ಕೆ ಇಳಿಸಿ, ಮೂರು ಮೂರು ಗಂಟೆಯ ಎರಡು ಸಿನಿಮಾ ಮಾಡಿ ಬಿಡುಗಡೆ ಮಾಡಬೇಕು ಅಂತ ಅವರು ಬಯಸಿದ್ದರು. ನಿರ್ಮಾಪಕರು ಒಪ್ಪಲಿಲ್ಲ. ಮೊದಲು 269 ನಿಮಿಷಕ್ಕೆ ಬಂತು, ಆಮೇಲೆ 229ಕ್ಕೆ. 1984ರ ಮೇನಲ್ಲಿ ಕಾನ್ ಚಿತ್ರೋತ್ಸವದಲ್ಲಿ ಸ್ಪರ್ಧೆಯ ಹೊರಗೆ ತೋರಿಸಿದ್ದೂ ಯುರೋಪಿನ ಚಿತ್ರಮಂದಿರಗಳಿಗೆ ಹೋದದ್ದೂ ಈ 229. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದಲ್ಲಿ ಲ್ಯಾಡ್ ಕಂಪನಿ ಬಿಡುಗಡೆ ಮಾಡಿದ್ದು ಮಾತ್ರ 139 ನಿಮಿಷದ್ದು. ಲಿಯೋನೆ ಒಪ್ಪದಿದ್ದರೂ ಒಂದೂವರೆ ಗಂಟೆ ಕತ್ತರಿಸಿ ಹಾಕಿದರು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ಹಿಂದಕ್ಕೂ ಮುಂದಕ್ಕೂ ಜಿಗಿಯುವ ಕಥೆಯನ್ನು ಬಿಚ್ಚಿ, ಬಾಲ್ಯ, ಯೌವನ, ಮುಪ್ಪು ಅಂತ ಇಸವಿಯ ಪ್ರಕಾರ ಜೋಡಿಸಿಬಿಟ್ಟರು. ಮುದುಕನೊಬ್ಬ ನೆನಪು ಮಾಡಿಕೊಳ್ಳುವ ಕಥೆಯಿಂದ ಆ ನೆನಪು ಮಾಡಿಕೊಳ್ಳುವ ಕೆಲಸವನ್ನೇ ತೆಗೆದುಹಾಕಿದ ಹಾಗಾಯಿತು. ಬಾಲ್ಯದ ಭಾಗವನ್ನು ತುಂಡು ಮಾಡಿದ್ದರಿಂದ ದೊಡ್ಡವರಾದ ಮೇಲೆ ಆ ಗ್ಯಾಂಗಿನ ಗೆಳೆಯರ ನಡುವಿನ ಸಿಟ್ಟು, ಋಣ ಯಾವುದಕ್ಕೂ ಬೇರು ಉಳಿಯಲಿಲ್ಲ.

ಪರಿಣಾಮ ಲೆಕ್ಕದಲ್ಲೇ ಕಾಣುತ್ತದೆ. ಸುಮಾರು 3 ಕೋಟಿ ಡಾಲರ್ ಖರ್ಚಿನ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು 53 ಲಕ್ಷದ ಆಸುಪಾಸು. ಆಸ್ಕರ್‌ಗೆ ಒಂದು ನಾಮನಿರ್ದೇಶನವೂ ಬರಲಿಲ್ಲ. ಬ್ರಿಟನ್ನಿನ ಬಾಫ್ಟಾದಲ್ಲಿ ಎನ್ನಿಯೊ ಮೊರಿಕೋನೆಯ ಸಂಗೀತಕ್ಕೂ ವಸ್ತ್ರವಿನ್ಯಾಸಕ್ಕೂ ಪ್ರಶಸ್ತಿ ಬಂತು. ವಿಮರ್ಶಕ ರೋಜರ್ ಎಬರ್ಟ್ ಪೂರ್ತಿ ಆವೃತ್ತಿಗೆ ನಾಲ್ಕು ನಕ್ಷತ್ರ ಕೊಟ್ಟು, ಕತ್ತರಿಸಿದ್ದಕ್ಕೆ ಒಂದೇ ಒಂದು ಕೊಟ್ಟರು. ಒಬ್ಬನೇ ನೋಡುಗ, ಒಂದೇ ಚಿತ್ರ, ಮೂರು ನಕ್ಷತ್ರದ ಅಂತರ. ಹಾಗಾಗಿ 1984ರಲ್ಲಿ ಅಮೆರಿಕದಲ್ಲಿ ಬರೆದ ಹಳೆಯ ವಿಮರ್ಶೆ ಕಣ್ಣಿಗೆ ಬಿದ್ದರೆ, ಅದು ನೀವು ನೋಡಲಿರುವ ಚಿತ್ರದ ವಿಮರ್ಶೆ ಹೌದೋ ಅಲ್ಲವೋ ಅಂತ ಮೊದಲು ನೋಡಿಕೊಳ್ಳಿ.

251 ನಿಮಿಷದ್ದು 2012ರಲ್ಲಿ ಬಂತು. ಲಿಯೋನೆ 1989ರಲ್ಲೇ ತೀರಿಕೊಂಡಿದ್ದರು. ಅವರ ಮಕ್ಕಳ ಮುತುವರ್ಜಿಯಿಂದ ಇಟಲಿಯ ಬೊಲೋನ್ಯಾದ ಸಿನೆಟೆಕಾ ಎಂಬ ಚಲನಚಿತ್ರ ಸಂಗ್ರಹ ಸಂಸ್ಥೆ ಇದನ್ನು ಸಿದ್ಧಪಡಿಸಿ ಕಾನ್‌ನಲ್ಲೇ ತೋರಿಸಿತು. ಇದರಲ್ಲಿ ಸೇರಿರುವುದು: ಸ್ಮಶಾನದ ಮೇಲ್ವಿಚಾರಕಿಯಾಗಿ ಲೂಯಿಸ್ ಫ್ಲೆಚರ್ ಬರುವ ದೃಶ್ಯ, ಕಾರಿನ ಚಾಲಕನ ಜೊತೆ ಕಥಾನಾಯಕ ನೂಡಲ್ಸ್‌ನ ಮಾತುಕತೆ (ಚಾಲಕನ ಪಾತ್ರದಲ್ಲಿ ನಿರ್ಮಾಪಕ ಅರ್ನಾನ್ ಮಿಲ್ಚನ್ ಇದ್ದಾರೆ), ವೇದಿಕೆಯ ಮೇಲೆ ಕ್ಲಿಯೋಪಾತ್ರಳಾಗಿ ಡೆಬೊರಾ (ನೂಡಲ್ಸ್ ಬಾಲ್ಯದಿಂದ ಆಸೆಪಟ್ಟವಳು), ನೂಡಲ್ಸ್ ಮುಂದೆ ತನ್ನ ಪ್ರೇಯಸಿಯಾಗುವ ಈವ್‌ಳನ್ನು ಭೇಟಿಯಾಗುವುದು, ಹೀಗೆ ಕೆಲವು. ಈ ತುಣುಕುಗಳಿಗೆ ಒಳ್ಳೆಯ ನೆಗೆಟಿವ್ ಸಿಗಲಿಲ್ಲ. ಅವು ಬಂದ ಕೂಡಲೇ ಬಣ್ಣ ಮಾಸಿ, ಚಿತ್ರ ಮಂಕಾಗುತ್ತದೆ. ಅದು ನಿಮ್ಮ ಟಿ.ವಿ.ಯ ದೋಷ ಅಂದುಕೊಳ್ಳಬೇಡಿ.

ಮೊದಲ ಸಲಕ್ಕೆ ನನ್ನ ಸಲಹೆ 229. ಎರಡನೇ ಸಲಕ್ಕೆ 251. 139 ಬೇಡವೇ ಬೇಡ. ಡಿ.ವಿ.ಡಿ.ಯ ಮೇಲೆ 220 ನಿಮಿಷ ಅಂತ ಇದ್ದರೆ ಗಾಬರಿ ಬೇಡ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಪಾಲ್ ಪದ್ಧತಿಯ (ಯುರೋಪು, ಭಾರತದ ಟಿ.ವಿ. ಪದ್ಧತಿ) ಡಿಸ್ಕ್ ಸೆಕೆಂಡಿಗೆ 25. ಅದೇ 229 ನಿಮಿಷದ ಚಿತ್ರ ಸ್ವಲ್ಪ ವೇಗವಾಗಿ ಓಡಿ 220ರಲ್ಲಿ ಮುಗಿಯುತ್ತದೆ. 251 ಅಲ್ಲಿ 241 ಆಗುತ್ತದೆ. ಅವಧಿ ಎಲ್ಲೂ ಬರೆದಿಲ್ಲವಾದರೆ ಮೊದಲ ದೃಶ್ಯ ಹಾಕಿ ನೋಡಿ. ಕತ್ತಲ ಕೋಣೆಗೆ ಹೆಂಗಸೊಬ್ಬಳು ಬರುವುದರಿಂದ ಶುರುವಾದರೆ ಸರಿಯಾದದ್ದು. ನೇರ ಬಾಲ್ಯದಿಂದ ಶುರುವಾದರೆ ಅಲ್ಲೇ ನಿಲ್ಲಿಸಿ.

ಪೂರ್ತಿ ಆವೃತ್ತಿಯನ್ನೇ ನೋಡಿದವರಲ್ಲೂ ಭಿನ್ನಾಭಿಪ್ರಾಯ ಉಳಿಯುತ್ತದೆ. ಅದು ಆಳವಾದದ್ದು, ಅದಕ್ಕೆ ಕಾರಣಗಳು ಬೇರೆ.

ಒಂದು, ಪಾನನಿಷೇಧದ ಕಾಲದ ಸಿನಿಮಾ ಅಂತ ಕೇಳಿ ಬಂದವರ ನಿರಾಶೆ. ಅಮೆರಿಕದಲ್ಲಿ 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ ಮದ್ಯದ ತಯಾರಿಕೆ, ಮಾರಾಟ, ಸಾಗಣೆಗೆ ನಿಷೇಧವಿತ್ತು. ಕಳ್ಳಸಾಗಣೆಯ ಲಾರಿ, ಮೆಷಿನ್‌ಗನ್, ಪೊಲೀಸರ ದಾಳಿ ಇವುಗಳ ನಿರೀಕ್ಷೆ ಸಹಜವೇ. ಆದರೆ ಕಥಾನಾಯಕ ನೂಡಲ್ಸ್ ಹುಡುಗನಾಗಿದ್ದಾಗಲೇ ಜೈಲಿಗೆ ಹೋಗಿ, ಹೊರಗೆ ಬರುವುದು 1930ರ ದಶಕದ ಆರಂಭದಲ್ಲಿ. ಅಂದರೆ ಆ ಧಂಧೆ ಕೊಬ್ಬಿದ ವರ್ಷಗಳೆಲ್ಲ ಅವನಿಗೂ ಸಿಗಲಿಲ್ಲ, ನಮಗೂ ಕಾಣುವುದಿಲ್ಲ. ನಮಗೆ ಸಿಗುವುದು ಅದರ ಹುಟ್ಟು ಮತ್ತು ಸಾವು. ಹುಟ್ಟಿನ ದೃಶ್ಯ ಎಷ್ಟು ಕರಾರುವಾಕ್ಕಾಗಿದೆ ನೋಡಿ. ಕರಾವಳಿ ಕಾವಲಿನವರು ಬಂದರೆ ದೋಣಿಯವರು ಮಾಲನ್ನು ನೀರಿಗೆ ಎಸೆಯಲೇಬೇಕು. ಎಸೆದದ್ದನ್ನು ಮತ್ತೆ ಪಡೆಯುವುದು ಹೇಗೆ? ಹುಡುಗರು ಕೊಡುವ ಉಪಾಯ: ಪೆಟ್ಟಿಗೆಗೆ ತೇಲುವ ವಸ್ತು ಒಂದು ಕಟ್ಟಿ, ಜೊತೆಗೆ ಉಪ್ಪಿನ ಚೀಲ ಕಟ್ಟಬೇಕು. ಉಪ್ಪಿನ ಭಾರಕ್ಕೆ ಪೆಟ್ಟಿಗೆ ಮುಳುಗುತ್ತದೆ, ಉಪ್ಪು ಕರಗುತ್ತಾ ಹೋದ ಹಾಗೆ ಭಾರ ಇಳಿದು ಪೆಟ್ಟಿಗೆ ತಾನಾಗಿ ಮೇಲೆ ಬರುತ್ತದೆ. ಉಪ್ಪು ಕಡಿಮೆಯಾದರೆ ಮುಳುಗುವುದೇ ಇಲ್ಲ; ಹೆಚ್ಚಾದಷ್ಟೂ ಮೇಲೆ ಬರುವುದು ತಡ. ಇದು ಆ ಕಾಲದ ಕಳ್ಳಸಾಗಣೆದಾರರು ನಿಜಕ್ಕೂ ಬಳಸಿದ ಉಪಾಯ. ಸಾವಿನ ದೃಶ್ಯದಲ್ಲಿ, ನಿಷೇಧ ತೆರವಾಗುವ ಹೊತ್ತಿಗೆ ಕದ್ದು ನಡೆಸುತ್ತಿದ್ದ ಬಾರಿನಲ್ಲಿ ಶವಪೆಟ್ಟಿಗೆಯ ಆಕಾರದ ಕೇಕ್ ಇಟ್ಟು ಹಬ್ಬ ಮಾಡುತ್ತಾರೆ. ಜನರಿಗೆ ಹಬ್ಬ, ಈ ಗೆಳೆಯರಿಗೆ ಕಸುಬು ಹೋದ ದಿನ. ನಡುವಿನ ವರ್ಷಗಳ ಗುಂಡಿನ ಸುರಿಮಳೆ ಬೇಕಾದವರು ‘ಸ್ಕಾರ್‌ಫೇಸ್‌’ನ 1932ರ ಚಿತ್ರವನ್ನೋ, 1987ರ ‘ದಿ ಅನ್‌ಟಚಬಲ್ಸ್’ ಅನ್ನೋ ನೋಡುವುದು ಮೇಲು.

ಎರಡು, ಗತಿ. ಇಲ್ಲಿ ಎರಡೂ ಕಡೆಯವರು ಒಂದೇ ದೃಶ್ಯವನ್ನು ಸಾಕ್ಷಿಗೆ ಕರೆಯುತ್ತಾರೆ. ಪ್ಯಾಟ್ಸಿ ಅನ್ನುವ ಹುಡುಗ ಒಬ್ಬಳಿಗೆ ಕೊಡಲು ಕ್ರೀಮಿನ ಕೇಕ್ ತಂದು ಅವಳ ಮನೆಯ ಮೆಟ್ಟಿಲಲ್ಲಿ ಕಾಯುತ್ತಾನೆ. ಬೆರಳಲ್ಲಿ ಒಂಚೂರು ನೆಕ್ಕುತ್ತಾನೆ, ಕಾಗದ ಮಡಚಿಡುತ್ತಾನೆ, ಮತ್ತೆ ಬಿಚ್ಚುತ್ತಾನೆ, ಕೊನೆಗೆ ಪೂರ್ತಿ ತಿಂದುಬಿಡುತ್ತಾನೆ. ಮಾತಿಲ್ಲ. ಕಥೆ ಒಂದಿಂಚೂ ಮುಂದೆ ಹೋಗುವುದಿಲ್ಲ. ಅದಕ್ಕೇ ಕೆಲವರು ಎದ್ದು ಹೋಗುತ್ತಾರೆ. ನನ್ನ ಮಟ್ಟಿಗೆ ಚಿತ್ರದ ಬೆನ್ನೆಲುಬು ಅಲ್ಲಿದೆ: ಆಸೆ ಪಟ್ಟದ್ದನ್ನು ಕಾಯಲಾರದೆ ತಾವೇ ಹಾಳುಮಾಡಿಕೊಳ್ಳುವುದು ಈ ಗುಂಪಿನ ಸ್ವಭಾವ. ಅದು ಈ ಹುಡುಗನಲ್ಲಿ ನಗು ತರಿಸುತ್ತದೆ, ಮುಂದೆ ನೂಡಲ್ಸ್‌ನಲ್ಲಿ ಭಯಂಕರವಾಗುತ್ತದೆ. ಟೆಲಿಫೋನ್ ದೃಶ್ಯವೂ ಹಾಗೆಯೇ. ಆರಂಭದಲ್ಲಿ ಅಫೀಮಿನ ಅಡ್ಡೆಯಲ್ಲಿ ಕೇಳಿಸುವ ಗಂಟೆ ಮಳೆಯ ಬೀದಿ, ಹೆಣಗಳು, ಹಬ್ಬದ ಕೂಟ ಎಲ್ಲವನ್ನೂ ದಾಟಿ ಬಡಿಯುತ್ತಲೇ ಇರುತ್ತದೆ. ಒಂದು ಕೈ ರಿಸೀವರ್ ಎತ್ತಿದರೂ ನಿಲ್ಲುವುದಿಲ್ಲ. ಕಿರಿಕಿರಿ ಆಗುವುದು ನಿಜ, ಆಗಲೆಂದೇ ಇಟ್ಟದ್ದು. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುವವರಿಗೆ ಈ ಚಿತ್ರದಲ್ಲಿ ಏನೂ ಸಿಗುವುದಿಲ್ಲ.

ಮೂರನೆಯದು ಹೆಣ್ಣುಮಕ್ಕಳನ್ನು ತೋರಿಸಿರುವ ರೀತಿ. ಈ ಆಕ್ಷೇಪವನ್ನು ‘ಸಿನಿಮಾ ಅರ್ಥವಾಗದವರ ಮಾತು’ ಅಂತ ತಳ್ಳಿಹಾಕುವ ಅಭಿಮಾನಿಗಳನ್ನು ನಾನು ಒಪ್ಪುವುದಿಲ್ಲ. ಚಿತ್ರದಲ್ಲಿ ಎರಡು ಅತ್ಯಾಚಾರಗಳಿವೆ, ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಕಾರಿನಲ್ಲಿ ಡೆಬೊರಾಳ ಮೇಲೆ ನಡೆಯುವುದು ದೀರ್ಘವಾಗಿದೆ, ನೋಡಲಾಗುವುದಿಲ್ಲ. ಆದರೆ ಕ್ಯಾಮೆರಾ ನೂಡಲ್ಸ್‌ನ ಪರ ನಿಲ್ಲುವುದಿಲ್ಲ, ಸುಂದರ ಸಂಜೆಯೊಂದು ಅವನ ಕೈಯಿಂದಲೇ ಹೊಲಸಾಗುವುದನ್ನು ತೋರಿಸುತ್ತದೆ, ಚಾಲಕ ಅವನ ದುಡ್ಡು ಮುಟ್ಟುವುದಿಲ್ಲ. ವಜ್ರದ ದರೋಡೆಯಲ್ಲಿ ಕ್ಯಾರಲ್ ಎಂಬಾಕೆಯ ಮೇಲೆ ನಡೆಯುವುದನ್ನು ಮಾತ್ರ ಚಿತ್ರ ಹಗುರವಾಗಿ ತೆಗೆದುಕೊಳ್ಳುತ್ತದೆ. ಮುಂದೆ ಅವಳು ಅದೇ ಗಂಡಸರನ್ನು ಭೇಟಿಯಾಗುವ ದೃಶ್ಯವನ್ನು ತಮಾಷೆಯಾಗಿ ಕಟ್ಟಿದ್ದಾರೆ. ಅದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಇದಲ್ಲ, ಇಂಥ ದೃಶ್ಯ ಕಾಡುತ್ತದೆ ಅನ್ನುವವರು ಮೊದಲೇ ತಿಳಿದುಕೊಂಡಿರಲಿ.

ಸಣ್ಣಪುಟ್ಟ ದೂರುಗಳೂ ಇವೆ. ಮೂವತ್ತೈದು ವರ್ಷದ ನಂತರವೂ ಡೆಬೊರಾ ಪಾತ್ರದ ಎಲಿಜಬೆತ್ ಮೆಕ್‌ಗವರ್ನ್ ಮುಖದಲ್ಲಿ ವಯಸ್ಸೇ ಕಾಣದು ಅನ್ನುವುದು ನ್ಯಾಯವಾದದ್ದು. ಯಹೂದಿ ಹುಡುಗರ ಕಥೆಯಲ್ಲಿ ಯಹೂದಿ ಬದುಕು ಮೇಲುಮೇಲೆ ಇದೆ ಅನ್ನುವುದೂ ಬಹುಮಟ್ಟಿಗೆ ಸರಿ. ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಅದಲುಬದಲು ಮಾಡುವ ದೃಶ್ಯಕ್ಕೆ ರೊಸ್ಸೀನಿಯ ಸಂಗೀತ ಹಾಕಿ ನಗಿಸಿದ್ದು ಕೆಲವರಿಗೆ ಹಿಡಿಸುವುದಿಲ್ಲ. ಮೊರಿಕೋನೆಯ ಸಂಗೀತದ ಬಗ್ಗೆ ಮಾತ್ರ ಜಗಳವಿಲ್ಲ. ಬಹುಪಾಲು ಸಂಗೀತ ಮೊದಲೇ ಸಿದ್ಧವಾಗಿತ್ತು, ಚಿತ್ರೀಕರಣದ ಜಾಗದಲ್ಲೇ ಅದನ್ನು ಹಾಕಿ ನಟರನ್ನು ನಡೆಸುತ್ತಿದ್ದರು. ನಡಿಗೆಗೂ ರಾಗಕ್ಕೂ ಅಷ್ಟು ಹೊಂದಾಣಿಕೆ ಇರುವುದು ಅದಕ್ಕೇ.

ನೋಡುವ ಕ್ರಮ. ಮೊದಲ ಇಪ್ಪತ್ತು ನಿಮಿಷ ಏನೂ ಅರ್ಥವಾಗುವುದಿಲ್ಲ, ಯಾರಿಗೂ ಆಗುವುದಿಲ್ಲ. ಮೂರು ಕಾಲ ನೆನಪಿಟ್ಟುಕೊಂಡರೆ ಸಾಕು: 1920ರ ದಶಕದ ಆರಂಭದ ಬಾಲ್ಯ, 1930ರ ದಶಕದ ಆರಂಭ, 1968. ನಿಲ್ದಾಣದ ಗೋಡೆಯ ಚಿತ್ರ ಬದಲಾಗಿ ನೂಡಲ್ಸ್ ಪಾತ್ರದ ರಾಬರ್ಟ್ ಡಿ ನಿರೋ ಮುದುಕನಾಗಿ ಕಂಡನೆಂದರೆ 1968 ಬಂತು ಅಂತ ಲೆಕ್ಕ. ಒಂದೇ ಕೂತಲ್ಲಿ ಆಗದಿದ್ದರೆ, ಸುಮಾರು ಒಂದೂವರೆ ಗಂಟೆಗೆ ಹುಡುಗ ನೂಡಲ್ಸ್ ಜೈಲಿನ ಬಾಗಿಲು ದಾಟುವಲ್ಲಿ ನಿಲ್ಲಿಸಿ. ಎರಡನೇ ವಿರಾಮಕ್ಕೆ ಡೆಬೊರಾ ರೈಲಿನಲ್ಲಿ ಹೊರಟುಹೋಗುವ ದೃಶ್ಯ ಸರಿ (ಆ ನಿಲ್ದಾಣ ಪ್ಯಾರಿಸ್ಸಿನ ಗಾರ್ ದು ನೋರ್). ವಾರಗಟ್ಟಲೆ ಎಳೆಯಬೇಡಿ, ಬಾಲ್ಯದ ಸಣ್ಣ ವಿವರಗಳು ಮರೆತರೆ 1968ರ ಭಾಗ ಸಪ್ಪೆಯಾಗುತ್ತದೆ.

ಇಲ್ಲಿಂದ ಮುಂದೆ ಕ್ಲೈಮ್ಯಾಕ್ಸ್ ವಿಷಯ. ನೋಡದವರು ಇಲ್ಲಿಗೆ ನಿಲ್ಲಿಸಿ.

ಅತಿ ದೊಡ್ಡ ಜಗಳ ಇದು: 1968ರಲ್ಲಿ ನಡೆಯುವುದೆಲ್ಲ ನಿಜವೋ, 1933ರಲ್ಲಿ ಅಫೀಮು ಸೇದಿ ಮಲಗಿದ ನೂಡಲ್ಸ್‌ನ ಕನಸೋ? ಚಿತ್ರದ ಕೊನೆಯ ಶಾಟ್ ಅಡ್ಡೆಯಲ್ಲಿ ಮಲಗಿ ನಗುವ ಅವನ ಮುಖ ಅನ್ನುವುದು ಕನಸಿನ ಪಕ್ಷದವರ ಮುಖ್ಯ ಆಧಾರ. ಎದುರು ಪಕ್ಷದವರು ಕೇಳುವುದು, 1933ರ ಮನುಷ್ಯ ಟಿ.ವಿ.ಯನ್ನೂ, 1965ರ ‘ಯೆಸ್ಟರ್‌ಡೇ’ ಹಾಡನ್ನೂ ಕನಸು ಕಂಡದ್ದು ಹೇಗೆ ಅಂತ. ಅದಕ್ಕೆ ಉತ್ತರ ಆರಂಭದಲ್ಲೇ ಇದೆ: 1933ರ ಮೊದಲ ದೃಶ್ಯದಲ್ಲಿ ಕೇಳಿಸುವ ‘ಗಾಡ್ ಬ್ಲೆಸ್ ಅಮೆರಿಕ’ವನ್ನು ಕೇಟ್ ಸ್ಮಿತ್ ಮೊದಲು ಹಾಡಿದ್ದು 1938ರಲ್ಲಿ. ಕಾಲದ ಲೆಕ್ಕವನ್ನು ಚಿತ್ರ ಮೊದಲಿನಿಂದಲೂ ಸಡಿಲ ಬಿಟ್ಟಿದೆ. ಕಸದ ಲಾರಿಯ ಹಿಂದೆ ನೂಡಲ್ಸ್‌ನ ಗೆಳೆಯ ಮ್ಯಾಕ್ಸ್ ಏನಾದ ಅನ್ನುವುದೂ ಬೇಕೆಂದೇ ಮಸುಕು. 139 ನಿಮಿಷದ್ದರಲ್ಲಿ ಇದನ್ನೆಲ್ಲ ತೆಗೆದು ಒಂದು ಗುಂಡಿನ ಸದ್ದು ಇಟ್ಟು ಮುಗಿಸಿದರು. ಆ ಚಿತ್ರ ನೋಡಿದವರಿಗೆ ಈ ಜಗಳ ಏನಂತಲೇ ಗೊತ್ತಾಗದು.

ನಾನು ಕನಸಿನ ಕಡೆ ವಾಲುತ್ತೇನೆ. ಗೆಳೆಯರ ಜೀವ ಉಳಿಸಲೆಂದು ಪೊಲೀಸರಿಗೆ ಫೋನ್ ಮಾಡಿದ ನೂಡಲ್ಸ್‌ನಿಂದಲೇ ಆ ಮೂವರೂ ಸತ್ತರು, ಅಥವಾ ಸತ್ತರೆಂದು ಅವನು ನಂಬಿದ. 1968ರ ಕಥೆ ಅವನಿಗೆ ಹೇಳುವುದೇನು? ಮ್ಯಾಕ್ಸ್ ಸತ್ತಿಲ್ಲ, ದ್ರೋಹ ಬಗೆದದ್ದು ಅವನೇ, ನಿನ್ನದೇನೂ ತಪ್ಪಿಲ್ಲ. ಮೈಯೆಲ್ಲ ಅಪರಾಧ ತುಂಬಿಕೊಂಡು ಅಫೀಮಿನ ಅಡ್ಡೆಗೆ ಬಂದವನಿಗೆ ಬೇಕಾದ ಕಥೆ ಸರಿಯಾಗಿ ಇದೇ. ಎರಡನೇ ಸಲ ನೋಡುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಂಡು, 1968ರಲ್ಲಿ ಅವನನ್ನು ಯಾರು ಯಾರು ಕ್ಷಮಿಸುತ್ತಾರೆ, ಯಾರು ಕ್ಷಮಿಸುವುದಿಲ್ಲ ಅಂತ ಗಮನಿಸಿ. ಡೆಬೊರಾ ಮೇಕಪ್ ಒರೆಸುತ್ತಾ ಆಡುವ ಮಾತುಗಳಲ್ಲಿ ನನ್ನ ವಾದಕ್ಕೆ ಅಡ್ಡ ಬರುವ ಅಂಶಗಳು ನಿಮಗೆ ಸಿಗಬಹುದು. ಸಿಕ್ಕರೆ ಕೆಳಗೆ ಬರೆಯಿರಿ.