ಶಾಲೆ, ತೋಟ ಮತ್ತು ಕಾದಂಬರಿ

ಪ್ರಶ್ನೆ: ನಾನು ಶಾಲಾ ಶಿಕ್ಷಕಿ; ಮನೆಯಲ್ಲಿ ಅಡಿಕೆ ತೋಟವೂ ಇದೆ. ಆರು ತಿಂಗಳಲ್ಲಿ ಕಾದಂಬರಿ ಮುಗಿಸಲು ದಿನಕ್ಕೆ 1,000 ಪದಗಳ ಗುರಿ ಇಟ್ಟುಕೊಂಡೆ. ಮೂರನೆಯ ವಾರಕ್ಕೇ ಬರವಣಿಗೆ ನಿಂತುಹೋಯಿತು. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಸಹೋದರಿ, ಆ ಗುರಿ ಎರಡು ದುಡಿಮೆಗಳ ನಡುವೆ ಬರೆಯುವವರಿಗೆ ತೀರ ಭಾರವಾದದ್ದು. ದಿನಕ್ಕೆ 200 ಪದಗಳಂತೆ ವಾರದಲ್ಲಿ 5 ದಿನ ಬರೆದರೂ 60 ವಾರಗಳಲ್ಲಿ 60,000 ಪದಗಳಾಗುತ್ತವೆ; ಮೊದಲ ಕರಡಿಗೆ ಅಷ್ಟು ಧಾರಾಳವಾಯಿತು. ಆದರೆ ಎಲ್ಲ ವಾರಗಳನ್ನೂ ಒಂದೇ ಸಮನೆ ಎಣಿಸಬೇಡಿ. ಅಡಿಕೆ ಗೊನೆಗಳನ್ನು ಕೊಯ್ಯುವ ಕೊನೆಕೊಯ್ಲು ಆರಂಭವಾಗಿ, ಹಗಲು ಶಾಲೆ, ರಾತ್ರಿ ಅಡಿಕೆ ಸುಲಿಯುವ ಕೆಲಸ ಎಂದಾಗುವ ದಿನಗಳಲ್ಲಿ ಪದಗಳ ಲೆಕ್ಕವನ್ನು ಪೂರ್ತಿ ಕೈಬಿಟ್ಟು, ಪಾತ್ರಗಳ ಬಗ್ಗೆ ಹೊಳೆದದ್ದನ್ನಷ್ಟೇ ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಮಳೆ ಹಿಡಿದು ಕೂತ ಆಷಾಢದ ಸಂಜೆಗಳಲ್ಲಿ ಅವುಗಳನ್ನು ಬೆಳೆಸಬಹುದು. ತಪ್ಪಿದ ದಿನದ ಬಾಕಿಯನ್ನು ಮರುದಿನಕ್ಕೆ ಸೇರಿಸಲೇಬೇಡಿ, ಬಹುಶಃ ನಿಮ್ಮನ್ನು ನಿಲ್ಲಿಸಿದ್ದು ಆ ಬೆಳೆಯುವ ಸಾಲವೇ.

ನಮ್ಮ ಜಿಲ್ಲೆಯ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ ಕಾದಂಬರಿಕಾರರಾದರು ಎಂಬುದು ನನಗೆ ಸದಾ ಧೈರ್ಯ ಕೊಡುವ ಸಂಗತಿ. ಬೆಳಗಿನ ಅರ್ಧ ಗಂಟೆ ನಿಮ್ಮದೆಂದು ಮನೆಯವರಿಗೆ ಇಂದೇ ಸ್ಪಷ್ಟವಾಗಿ ಹೇಳಿ, ಮೊದಲ ಅಧ್ಯಾಯಕ್ಕೆ ಮಾತ್ರ ಒಂದು ದಿನಾಂಕ ಗೊತ್ತುಮಾಡಿಕೊಳ್ಳಿ.