ಪೇಪರ್ ಜಾಸ್ತಿ ಬರೆದ ಡಾಕ್ಟರೇ ಒಳ್ಳೆಯವರಾ?

ಅಸ್ಥಿಮಜ್ಜೆ ಕಸಿ, ಅಂದರೆ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡವರಿಗೆ ಬರುವ ಸೋಂಕುಗಳನ್ನು ನೋಡುವುದು ನನ್ನ ಕೆಲಸ. ನಿಮ್ಮ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಈ ಸಲ ಅವನ್ನೇ ತೆಗೆದುಕೊಂಡಿದ್ದೇನೆ, ಮುಂದಿನ ತಿಂಗಳು ಬರದಿರಲಿ ಅಂತ. ಲ್ಯುಕೇಮಿಯಾ ಅಂದರೇನು, ಡೋನರ್ ಅಂದರೆ ಯಾರು ಅಂತ ವಿವರಿಸಲು ಹೋಗುವುದಿಲ್ಲ. ಈ ಅಂಕಣ ಹುಡುಕಿಕೊಂಡು ಬರುವವರಿಗೆ ಅದೆಲ್ಲ ಆಗಲೇ ಗೊತ್ತಾಗಿ ಹೋಗಿರುತ್ತದೆ.

ಪ್ರಶ್ನೆ: ನಮ್ಮ ಅಣ್ಣನಿಗೆ 34 ವರ್ಷ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್. ಕೀಮೋ ಆಗಿ ಈಗ ಹತೋಟಿಗೆ ಬಂದಿದೆ, ಕಸಿಗೆ ನಾನೇ ಡೋನರ್. ಇಬ್ಬರು ಡಾಕ್ಟರನ್ನು ಕಂಡೆವು. ಇಂಟರ್ನೆಟ್‌ನಲ್ಲಿ ಒಬ್ಬರ ಹೆಸರಿಗೆ 312 ಸಂಶೋಧನಾ ಪೇಪರ್ ತೋರಿಸುತ್ತದೆ, ಇನ್ನೊಬ್ಬರಿಗೆ 41. ಮೊದಲನೆಯವರು ಸೋಂಕಿನ ಬಗ್ಗೆಯೇ ತುಂಬ ಬರೆದಿದ್ದಾರೆ. ಅವರ ಹತ್ತಿರ ಹೋಗುವುದೇ ಕ್ಷೇಮ ಅಲ್ವಾ? (ದಾವಣಗೆರೆಯಿಂದ ಒಬ್ಬರು)

ಉತ್ತರ: ಕಳೆದ ವರ್ಷ ಒಬ್ಬ ತಂದೆ ಓಪಿಡಿಗೆ ಪ್ಲಾಸ್ಟಿಕ್ ಫೈಲ್ ತಂದಿದ್ದರು. ಒಳಗೆ ಒಬ್ಬ ಡಾಕ್ಟರ ಪೇಪರ್ ಪಟ್ಟಿಯ ಪ್ರಿಂಟು, ಹದಿನಾಲ್ಕು ಹಾಳೆ. 'ಸೋಂಕು' ಅಂತ ಕಂಡಲ್ಲೆಲ್ಲ ಹಳದಿ ಬಣ್ಣ ಹಚ್ಚಿದ್ದರು. ಎರಡನೇ ಹಾಳೆಯಲ್ಲೇ ಒಂದು ಪೇಪರ್ ಅಡಿಕೆಯ ಕೊಳೆರೋಗದ ಬಗ್ಗೆ ಇತ್ತು. ಅದಕ್ಕೂ ಹಳದಿ ಬಣ್ಣ. ಅದೂ ಸೋಂಕೇ ಬಿಡಿ, ಸುಳ್ಳಲ್ಲ! ಆದರೆ ಬರೆದವರು ಅದೇ ಹೆಸರಿನ ಕೃಷಿ ವಿಜ್ಞಾನಿ. ನಮ್ಮಲ್ಲಿ ಹೆಸರೂ ಇನಿಷಿಯಲ್ಲೂ ಸಾವಿರಾರು ಜನಕ್ಕೆ ಒಂದೇ ಇರುತ್ತವೆ. ಹುಡುಕುವ ಯಂತ್ರ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿಬಿಡುತ್ತದೆ. ಹಾಗಾಗಿ ನಿಮ್ಮ 312ರಲ್ಲಿ ಎಷ್ಟು ಅವರವು ಅಂತ ಮೊದಲು ನೋಡಿ. ಪ್ರತಿ ಪೇಪರ್‌ನಲ್ಲೂ ಬರೆದವರ ಆಸ್ಪತ್ರೆಯ ಹೆಸರು ಇರುತ್ತದೆ.

ಅವರದೇ ಅಂತಾದ ಮೇಲೆ, ಹೆಸರು ಎಲ್ಲಿದೆ ನೋಡಿ. ನಮ್ಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ದುಡಿದವರದು, ಕೊನೆಯ ಹೆಸರು ಮಾಡಿಸಿದವರದು. ನಡುವಿನ ಮೂವತ್ತು ಹೆಸರಿನಲ್ಲಿ ಕೆಲವರು ಆಸ್ಪತ್ರೆಯ ರೋಗಿಗಳ ವಿವರ ಕಳಿಸಿಕೊಟ್ಟಿರುತ್ತಾರೆ, ಕೆಲವರು ಕರಡು ಓದಿ 'ಓಕೆ' ಅಂದಿರುತ್ತಾರೆ. ನನ್ನ ಪಟ್ಟಿಯಲ್ಲೂ ಅಂಥವು ಇವೆ. ಒಂದಕ್ಕೆ ನಾನು ಮಾಡಿದ್ದು ಎರಡು ಇಮೇಲ್. ಇನ್ನು ಸಂಪಾದಕರಿಗೆ ಬರೆದ ಪತ್ರ, ಒಬ್ಬನೇ ರೋಗಿಯ ಕತೆ, ಬೇರೆಯವರ ಕೆಲಸವನ್ನು ಒಟ್ಟುಮಾಡಿ ಬರೆದ ಲೇಖನ, ದುಡ್ಡು ಕೊಟ್ಟರೆ ಯಾವುದನ್ನೂ ಅಚ್ಚು ಹಾಕುವ ಜರ್ನಲ್‌ನಲ್ಲಿ ಬಂದದ್ದು, ಎಲ್ಲವೂ ಲೆಕ್ಕಕ್ಕೆ ಒಂದೊಂದೇ. ಎಚ್-ಇಂಡೆಕ್ಸ್ ಅಂತ ಇನ್ನೊಂದು ಅಂಕಿ ಹಿಡಿದುಕೊಂಡು ಬರುವವರೂ ಇದ್ದಾರೆ. ಅದನ್ನು 2005ರಲ್ಲಿ ಹೊರತಂದದ್ದು ಹೋರ್ಹೆ ಹಿರ್ಶ್ ಅನ್ನುವ ಭೌತವಿಜ್ಞಾನಿ. ಎಷ್ಟು ಪೇಪರನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಅಂತ ಹೇಳುತ್ತದೆ, ಅಷ್ಟೇ. ನಿಮ್ಮಣ್ಣನಿಗೆ ರಾತ್ರಿ ಜ್ವರ ಬಂದರೆ ಯಾರು ಓಡಿ ಬರುತ್ತಾರೆ ಅಂತ ಅದು ಹೇಳುವುದಿಲ್ಲ.

ಹಾಗಂತ ಪೇಪರ್‌ಗಳೆಲ್ಲ ದಂಡ ಅನ್ನುತ್ತಿಲ್ಲ. ನಾನು ಬೆಳಿಗ್ಗೆ ರೌಂಡ್ಸ್‌ನಲ್ಲಿ ಮಾಡುವುದೆಲ್ಲ ಯಾರೋ ಬರೆದ ಪೇಪರ್‌ನಿಂದ ಬಂದದ್ದೇ. 1991ರಲ್ಲಿ ಅಮೆರಿಕದ ಸಿಯಾಟಲ್‌ನಿಂದ ಬಂದ ಒಂದನ್ನು ಹೇಳುತ್ತೇನೆ. ಸೈಟೋಮೆಗಾಲೋ ವೈರಸ್, ನಾವು ಸಿಎಂವಿ ಅನ್ನುತ್ತೇವೆ, ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಚಿಕ್ಕಂದಿನಿಂದಲೇ ಮಲಗಿರುತ್ತದೆ. ಕಸಿ ಆದ ಮೇಲೆ ಎದ್ದು ಶ್ವಾಸಕೋಶಕ್ಕೆ ಇಳಿದರೆ ಆಗಿನ ಕಾಲದಲ್ಲಿ ಉಳಿಯುವವರು ಕಮ್ಮಿ. ಸಿಯಾಟಲ್‌ನವರು ಕಾಯಿಲೆ ಕಾಣಿಸಿಕೊಳ್ಳುವವರೆಗೆ ಕಾಯಲಿಲ್ಲ. ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ವೈರಸ್ ಸಿಕ್ಕ ಕೂಡಲೇ ಔಷಧಿ ಶುರು ಮಾಡಿದರು. 72 ರೋಗಿಗಳು. ಗ್ಯಾನ್‌ಸಿಕ್ಲೊವಿರ್ ಸಿಕ್ಕ 37 ಜನರಲ್ಲಿ ಕಾಯಿಲೆ ಬಂದದ್ದು ಒಬ್ಬರಿಗೆ, ಮದ್ದಿಲ್ಲದ ಡ್ರಿಪ್ ಸಿಕ್ಕ 35 ಜನರಲ್ಲಿ 15 ಮಂದಿಗೆ. ಈಗ ಕಲ್ಚರ್ ಬದಲು ಪಿಸಿಆರ್, ಅಂದರೆ ರಕ್ತದಲ್ಲಿ ವೈರಸ್ಸಿನ ಡಿಎನ್ಎ ಹುಡುಕುವ ಪರೀಕ್ಷೆ, ಬಂದಿದೆ, ವಾರಕ್ಕೊಮ್ಮೆ ರಕ್ತ ಕಳಿಸುತ್ತೇವೆ. ಆ ಪೇಪರ್‌ನ ಸಾರ ಎರಡೇ ಮಾತು: ಬೇಗ ನೋಡು, ಬೇಗ ಕೊಡು. ಈಗ ನೀವೇ ಯೋಚಿಸಿ. ಸಿಎಂವಿ ಬಗ್ಗೆ ಹತ್ತು ಪೇಪರ್ ಬರೆದವರ ಆಸ್ಪತ್ರೆಯಲ್ಲಿ ಪಿಸಿಆರ್ ರಿಪೋರ್ಟ್ ಬರಲು ಆರು ದಿನ ಹಿಡಿದರೆ ನಿಮ್ಮಣ್ಣನಿಗೆ ಏನು ಬಂತು?

ಇನ್ನೊಂದು ಪೇಪರ್ 1957ರದು. ಅಸ್ಥಿಮಜ್ಜೆ ಕಸಿಗೆ ದಾರಿ ಮಾಡಿದ ಡೊನಾಲ್ ಥಾಮಸ್ ಅವರದು. ಅದರಲ್ಲಿ ಇದ್ದದ್ದು ಆರು ರೋಗಿಗಳು. ನೂರು ದಿನ ದಾಟಿ ಒಬ್ಬರೂ ಉಳಿಯಲಿಲ್ಲ. ಅದನ್ನು ಹಾಗೇ ಬರೆದು ಅಚ್ಚು ಹಾಕಿಸಿದರು. ಅದೇ ಕೆಲಸ ಮುಂದುವರಿಸಿದ್ದಕ್ಕೆ 1990ರಲ್ಲಿ ಅವರಿಗೆ ನೊಬೆಲ್ ಬಂತು. ನಾನು ಯಾರದೇ ಪಟ್ಟಿ ನೋಡಿದರೂ ಮೊದಲು ಹುಡುಕುವುದು ಇಂಥದ್ದನ್ನೇ: ಇವರು ತಮ್ಮ ವಾರ್ಡ್‌ನ ಸಾವುಗಳನ್ನು ತಾವೇ ಎಣಿಸಿ ಬರೆದಿದ್ದಾರಾ? 'ನಮ್ಮಲ್ಲಿ ಇಷ್ಟು ಕಸಿಯಾಯಿತು, ಇಷ್ಟು ಜನಕ್ಕೆ ದೊಡ್ಡ ಆಂಟಿಬಯೋಟಿಕ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಯಿತು, ಇಷ್ಟು ಜನ ತೀರಿಕೊಂಡರು' ಅನ್ನುವ ಪೇಪರ್ ನೋಡಿ ಮನೆಯವರು ಹೆದರುತ್ತಾರೆ. ನನಗೆ ಧೈರ್ಯ ಬರುತ್ತದೆ. ಆ ಕ್ಲೆಬ್ಸಿಯೆಲ್ಲಾ ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿದೆ. ಇಲ್ಲ ಅನ್ನುವವರು ಹುಡುಕಿಲ್ಲ ಅಂತಲೇ ನನ್ನ ಅನುಮಾನ.

ಎಲ್ಲವೂ ಗೆಲುವಿನ ಕತೆಯೇ ಆಗಿದ್ದರೆ ಏನಾಗಬಹುದು ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ ವರ್ನರ್ ಬೆಜ್ವೋಡಾ ಇದ್ದಾರೆ. ಸ್ತನ ಕ್ಯಾನ್ಸರ್‌ಗೆ ಭಾರೀ ಡೋಸಿನ ಕೀಮೋ ಕೊಟ್ಟು, ರೋಗಿಯದೇ ಸ್ಟೆಮ್ ಸೆಲ್ ವಾಪಸ್ ಹಾಕಿದರೆ ತುಂಬ ಗುಣ ಕಾಣುತ್ತದೆ ಅಂತ 1995ರಲ್ಲಿ 90 ರೋಗಿಗಳ ಲೆಕ್ಕ ಕೊಟ್ಟರು. 1999ರಲ್ಲಿ ಅಟ್ಲಾಂಟಾದ ದೊಡ್ಡ ಸಭೆಯಲ್ಲಿ ಬೇರೆಯವರ ಅಧ್ಯಯನಗಳು ಅಂಥ ಲಾಭವಿಲ್ಲ ಅಂದಾಗ ಇವರದು ಮಾತ್ರ ಇದೆ ಅಂದಿತು. ಅಮೆರಿಕದ ತಂಡ 2000ದಲ್ಲಿ ಜೋಹಾನ್ಸ್‌ಬರ್ಗ್‌ಗೆ ಹೋಗಿ ಕಡತ ತೆಗೆಸಿತು. ಸಭೆಯಲ್ಲಿ ಹೇಳಿದ್ದಕ್ಕೂ ಕಡತದಲ್ಲಿದ್ದದ್ದಕ್ಕೂ ತಾಳೆಯಾಗಲಿಲ್ಲ. ರೋಗಿಗಳು ಸಹಿ ಹಾಕಿದ ಒಪ್ಪಿಗೆ ಪತ್ರ ಒಂದೂ ಕಾಣಲಿಲ್ಲ. ಎಥಿಕ್ಸ್ ಕಮಿಟಿ ಅನುಮತಿ ಕೊಟ್ಟ ದಾಖಲೆಯೂ ಇರಲಿಲ್ಲ. 1995ರ ಪೇಪರನ್ನು 2001ರಲ್ಲಿ ಹಿಂತೆಗೆದುಕೊಂಡರು. ಅಷ್ಟರಲ್ಲಿ ಎಷ್ಟೋ ದೇಶಗಳಲ್ಲಿ ಸಾವಿರಾರು ಹೆಂಗಸರು ಸ್ತನ ಕ್ಯಾನ್ಸರ್‌ಗೆ ಆ ಚಿಕಿತ್ಸೆಯ ಸಂಕಟ ಪಟ್ಟಿದ್ದರು. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪೇಪರ್ ಹುಡುಕುವ ವೆಬ್ಸೈಟು) ಇಂಥ ಪೇಪರ್ ತೆರೆದರೆ ಹಿಂತೆಗೆದ ಸೂಚನೆ ಎದುರಿಗೇ ಕಾಣುತ್ತದೆ. ಹಳದಿ ಬಣ್ಣ ಹಚ್ಚುವ ಮೊದಲು ಅದನ್ನು ನೋಡಿ.

ಈಗ ನಿಮ್ಮ ಇಬ್ಬರು ಡಾಕ್ಟರ ವಿಷಯ. ಇಬ್ಬರನ್ನೂ ಇಷ್ಟು ಕೇಳಿ. ಅಣ್ಣನಿಗಿರುವ ಕಾಯಿಲೆಗೇ ಕಳೆದ ವರ್ಷ ಎಷ್ಟು ಕಸಿ ಮಾಡಿದ್ದೀರಿ, ನೂರು ದಿನ ದಾಟಿದವರೆಷ್ಟು, ಒಂದು ವರ್ಷ ದಾಟಿದವರೆಷ್ಟು. ಕೌಂಟ್, ಅಂದರೆ ರಕ್ತದ ಬಿಳಿ ಕಣಗಳ ಸಂಖ್ಯೆ, ಇಳಿದಿರುವಾಗ ರಾತ್ರಿ ಎರಡಕ್ಕೆ ಜ್ವರ ಬಂದರೆ ಮೊದಲ ಆಂಟಿಬಯೋಟಿಕ್ ಎಷ್ಟು ಹೊತ್ತಿಗೆ ಒಳಗೆ ಹೋಗುತ್ತದೆ. ಒಂದು ಗಂಟೆಯೊಳಗೆ ಹೋಗಬೇಕು. 'ಬೆಳಿಗ್ಗೆ ಸಾಹೇಬರು ಬಂದು ನೋಡುತ್ತಾರೆ' ಅಂದರೆ ಅಲ್ಲಿಂದ ಎದ್ದು ಬನ್ನಿ. ಪಿಸಿಆರ್ ಇಲ್ಲೇ ಮಾಡುತ್ತೀರಾ, ಹೊರಗೆ ಕಳಿಸುತ್ತೀರಾ ಅಂತಲೂ ಕೇಳಿ. ಆಮೇಲೆ ವಾರ್ಡ್ ಬಾಗಿಲಲ್ಲಿ ಹತ್ತು ನಿಮಿಷ ಸುಮ್ನೆ ನಿಲ್ಲಿ. ಸಿಸ್ಟರ್ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿಟ್ಟ ಕೊಳವೆ) ಮುಟ್ಟುವ ಮೊದಲು ಅದರ ಬಾಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜುತ್ತಾರಲ್ಲ, ಅದನ್ನು ನೋಡಿ. ಹದಿನೈದು ಸೆಕೆಂಡ್ ಉಜ್ಜಿ ಒಣಗಲು ಬಿಡುತ್ತಾರಾ, ಇಲ್ಲ ದೇವರಿಗೆ ಹೂ ಏರಿಸಿದ ಹಾಗೆ ಒಂದು ಸಲ ಮುಟ್ಟಿಸಿ ಬಿಡುತ್ತಾರಾ? ನನ್ನ ತಮ್ಮನಿಗೇ ಕಸಿ ಆಗಬೇಕಿದ್ದರೆ ನಾನು ಆ ಹತ್ತಿ ನೋಡಿ ಆಸ್ಪತ್ರೆ ಆರಿಸುತ್ತೇನೆ. ಇಬ್ಬರೂ ಸರಿಯಾಗಿ ಉತ್ತರ ಕೊಟ್ಟರೆ, ಬಾಡಿಗೆ ಮನೆ ಹತ್ತಿರ ಸಿಗುವ ಕಡೆ ಹೋಗಿ. ಬಿಡುಗಡೆ ಆದ ಮೇಲೂ ಸುಮಾರು ನೂರು ದಿನದವರೆಗೆ ಆಸ್ಪತ್ರೆ ಕೈಗೆಟುಕುವಷ್ಟು ಹತ್ತಿರ ಇರಬೇಕು.

ಪ್ರಶ್ನೆ: ಪ್ಲೇಟ್‌ಲೆಟ್ ಏರಲು ಪಪ್ಪಾಯಿ ಎಲೆ ರಸ ಕೊಡಬಹುದಾ?

ಬೇಡ. ಕೌಂಟ್ ಇಲ್ಲದವರಿಗೆ ಅಂಗಳದ ಹಸಿ ಎಲೆ ಅರೆದು ಕುಡಿಸುವುದು ಅಂದರೆ ಮಣ್ಣಿನ ಬೂಷ್ಟು, ಬ್ಯಾಕ್ಟೀರಿಯಾ ಸೇರಿಸಿ ಕುಡಿಸಿದ ಹಾಗೆ.

ಪ್ರಶ್ನೆ: ರೋಗನಿರೋಧಕ ಶಕ್ತಿ ಹೆಚ್ಚಲಿ ಅಂತ ನಾಟಿ ವೈದ್ಯರೊಬ್ಬರು ಅಮೃತಬಳ್ಳಿ ಕಷಾಯ ಕೊಟ್ಟಿದ್ದಾರೆ.

ಡೋನರ್‌ನ ಕೋಶಗಳು ರೋಗಿಯ ಮೈಯನ್ನೇ ಕಚ್ಚದಿರಲಿ ಅಂತ ನಾವು ಆ ಶಕ್ತಿಯನ್ನು ಬೇಕಂತಲೇ ಇಳಿಸಿರುತ್ತೇವೆ. ಅವರು ಏರಿಸಲು ಕಷಾಯ ಕೊಡುತ್ತಾರೆ. ಅಮೃತಬಳ್ಳಿಯಿಂದ ಲಿವರ್ ಕೆಟ್ಟವರ ವರದಿಗಳು ಮುಂಬೈಯಿಂದಲೇ ಬಂದಿವೆ. ನಿಲ್ಲಿಸಿ.

ಪ್ರಶ್ನೆ: ಮಗುವಿನ ಆಟಿಸಂಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಲು ನಾಲ್ಕು ಲಕ್ಷ ಕೇಳುತ್ತಿದ್ದಾರೆ. ಕ್ಲಿನಿಕ್‌ನವರದೂ ಪೇಪರ್‌ಗಳಿವೆ.

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ಈ ಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗವೇ. ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವವರ ಹತ್ತಿರ ಎರಡನೇ ಸಲ ಹೋಗಬೇಡಿ.

ಪ್ರಶ್ನೆ: ಹಣ್ಣು, ಮೊಸರು ಕೊಡಬಹುದಾ?

2023ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಕೌಂಟ್ ಇಳಿದಾಗ ತಾಜಾ ಹಣ್ಣು ತರಕಾರಿ ತಿಂದವರಿಗೂ ಸೋಂಕು ಜಾಸ್ತಿ ಆಗಲಿಲ್ಲ. ಆದರೆ ಇಟಲಿಯ ನಲ್ಲಿ ನೀರು ಬೇರೆ, ನಮ್ಮದು ಬೇರೆ. ಸಿಪ್ಪೆ ಸುಲಿಯುವ ಬಾಳೆಹಣ್ಣು, ಕಿತ್ತಳೆ ಸರಿ. ಮೊಸರನ್ನು ಕೌಂಟ್ ಏರಿದ ಮೇಲೆ ನಿಮ್ಮ ವಾರ್ಡ್‌ನವರನ್ನು ಕೇಳಿ ಕೊಡಿ. ಗಾಡಿಯಲ್ಲಿ ಹೆಚ್ಚಿಟ್ಟ ಹಣ್ಣು, ಪಾನಿಪೂರಿ ಬೇಡ. ನಾನು ಸ್ವಲ್ಪ ಪುಕ್ಕಲ ಅನ್ನಿ, ಪರವಾಗಿಲ್ಲ.

ಪ್ರಶ್ನೆ: ನಾಲ್ಕು ತಿಂಗಳಾಯಿತು, ಕೌಂಟ್ ಚೆನ್ನಾಗಿದೆ. ಅಸೈಕ್ಲೊವಿರ್, ಸೆಪ್ಟ್ರಾನ್ ನಿಲ್ಲಿಸಿದ್ದೇವೆ. ಸರಿನಾ?

ಸರಿಯಲ್ಲ. ಅವು ಸೋಂಕು ಬರದಿರಲಿ ಅಂತ ಕೊಡುವ ಮಾತ್ರೆಗಳು. ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಕೌಂಟ್ ಬಂತು ಅಂದರೆ ಸೈನಿಕರು ಬಂದರು ಅಂತ ಅಷ್ಟೇ. ಅವರಿಗಿನ್ನೂ ತರಬೇತಿ ಆಗಿಲ್ಲ.

ಪ್ರಶ್ನೆ: ಅಪ್ಪನಿಗೆ ಕಸಿಯಾಗಿ ಎರಡು ತಿಂಗಳು. ನಿನ್ನೆಯಿಂದ 101 ಜ್ವರ. ಡೋಲೋ ಕೊಟ್ಟಿದ್ದೇವೆ. ಏನು ಮಾಡಬೇಕು, ದಯವಿಟ್ಟು ತಿಳಿಸಿ.

ಈ ಪತ್ರ ನನ್ನ ಕೈಗೆ ಬಂದಾಗ ಒಂಬತ್ತು ದಿನ ಆಗಿತ್ತು. 100.4 ದಾಟಿದರೆ ಪತ್ರ ಬರೆಯುವುದಲ್ಲ, ಗಾಡಿ ಹತ್ತುವುದು. ನಂಬರ್ ಹಾಕಿದ್ದರು, ಫೋನ್ ಮಾಡಿದೆ. ಪತ್ರ ಹಾಕಿದ ರಾತ್ರಿಯೇ ಚಳಿ ಬಂದು ನಡುಗಿ, ಪಕ್ಕದ ಮನೆಯವರ ಓಮ್ನಿಯಲ್ಲಿ ಆಸ್ಪತ್ರೆಗೆ ಕರೆದೊಯ್ದರಂತೆ. ಈಗ ಮನೆಯಲ್ಲಿದ್ದಾರೆ, ಗಂಜಿ ಕುಡಿಯುತ್ತಿದ್ದಾರೆ. ಮಗ ಫೋನ್ ಇಡುವ ಮೊದಲು ಕೇಳಿದ, 'ಸಾರ್, ಗಂಜಿಗೆ ಉಪ್ಪಿನಕಾಯಿ ಕೊಡಬಹುದಾ?'